ಅಳೆದು ಕೊಟ್ಟ ಎಣ್ಣೆ, ಉಳಿದ ಕಣ್ಣು

ಅರ್ಧ ಚಮಚೆಯೂ ತುಂಬದಷ್ಟು ಎಣ್ಣೆಯಂಥ ಹಳದಿ ದ್ರವ. ಅದನ್ನು ಆರು ತಿಂಗಳಿಗೊಮ್ಮೆ ಮಗುವಿನ ಬಾಯಿಗೆ ಹಾಕಿದರೆ ಕಣ್ಣು ಹೋಗುವ ಅಪಾಯ ತಪ್ಪುತ್ತದೆ ಎಂದರೆ ಮಂತ್ರವಾದಿಯ ಮಾತಿನಂತೆ ತೋರಬಹುದು. ಆದರೆ ಇದು ಮಂತ್ರವಲ್ಲ, ಆಹಾರಶಾಸ್ತ್ರ. ಭಾರತದಲ್ಲಿ 1970ರಲ್ಲಿ ಸರ್ಕಾರದ ಕಾರ್ಯಕ್ರಮವಾಗಿ ಆರಂಭವಾದ ಈ ‘ಎ’ ಜೀವಸತ್ವದ ದ್ರವದ ಕಥೆಯಲ್ಲಿ ಮಕ್ಕಳಿರುವ ಪ್ರತಿಯೊಂದು ಮನೆಯೂ ಅರಿಯಬೇಕಾದ ಪಾಠವಿದೆ. ಕೊರತೆಯನ್ನು ನೀಗುವುದು ಎಷ್ಟು ಅಗತ್ಯವೋ, ಅಳತೆಯನ್ನು ಮೀರದಿರುವುದೂ ಅಷ್ಟೇ ಅಗತ್ಯ.

ಮುಸ್ಸಂಜೆಯ ಸೂಚನೆ

ಈ ಕೊರತೆ ಸದ್ದುಮಾಡಿಕೊಂಡು ಬರುವುದಿಲ್ಲ. ಹಗಲೆಲ್ಲ ಆಡಿಕೊಂಡಿದ್ದ ಮಗು ಮುಸ್ಸಂಜೆಯಾದೊಡನೆ ಒಂದೆಡೆ ಕುಳಿತುಬಿಡುತ್ತದೆ, ಹೊಸ್ತಿಲನ್ನು ಎಡವುತ್ತದೆ, ಎದುರಿಗಿಟ್ಟ ತಟ್ಟೆಗಾಗಿ ತಡಕಾಡುತ್ತದೆ. ಇದೇ ಇರುಳುಗುರುಡು. ಮಂದವಾದ ಬೆಳಕಿನಲ್ಲಿ ನೋಡಲು ಕಣ್ಣಿನ ಒಳಪರದೆಗೆ ಒಂದು ಬಗೆಯ ವರ್ಣದ್ರವ್ಯ ಬೇಕು. ಅದು ಸಿದ್ಧವಾಗಲು ‘ಎ’ ಜೀವಸತ್ವ ಬೇಕು. ಈ ಸಂಬಂಧವನ್ನು ಬಿಡಿಸಿ ತೋರಿಸಿದ ಅಮೆರಿಕದ ಜಾರ್ಜ್ ವಾಲ್ಡ್ ಅವರು 1967ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಮುಂದಿನ ಹಂತದಲ್ಲಿ ಕಣ್ಣಿನ ಬಿಳಿಭಾಗವು ಹೊಳಪುಗೆಟ್ಟು ಒಣಗುತ್ತದೆ. ಅಲ್ಲಿ ಸಾಬೂನಿನ ನೊರೆಯಂಥ ಮಚ್ಚೆಗಳು ಮೂಡುವುದುಂಟು. 1863ರಲ್ಲಿ ಇವನ್ನು ವರ್ಣಿಸಿದ ಫ್ರೆಂಚ್ ವೈದ್ಯ ಬಿಟೊ ಅವರ ಹೆಸರಿನಿಂದಲೇ ವೈದ್ಯರು ಅವನ್ನು ಗುರುತಿಸುತ್ತಾರೆ. ಕರಿಗುಡ್ಡೆಯ ಮೇಲಿನ ತಿಳಿಯಾದ ಪೊರೆ ಮೆತ್ತಗಾಗತೊಡಗಿತೆಂದರೆ ಕೆಲವೇ ದಿನಗಳಲ್ಲಿ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಬಡಕಲಾದ ಮಗುವಿಗೆ ದಡಾರ ಬಂದರಂತೂ ಈ ಅನಾಹುತ ಬೇಗ ಒದಗುತ್ತದೆ.

ಬೆಣ್ಣೆ ಹೋದ ನಾಡಿನಲ್ಲಿ

ಇದು ಬಡನಾಡುಗಳ ರೋಗವೆಂದು ಭಾವಿಸಬೇಕಾಗಿಲ್ಲ. ಹಾಲು ಬೆಣ್ಣೆಗಳಿಗೆ ಹೆಸರಾದ ಡೆನ್ಮಾರ್ಕ್ ದೇಶವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ತನ್ನ ಬೆಣ್ಣೆಯನ್ನು ಹೊರದೇಶಗಳಿಗೆ ಮಾರಿತು. ಬಡವರ ಮಕ್ಕಳಿಗೆ ಕೆನೆ ತೆಗೆದ ಹಾಲು, ಸಸ್ಯದ ಕೊಬ್ಬಿನಿಂದ ಮಾಡಿದ ಕೃತಕ ಬೆಣ್ಣೆ ಇವೇ ಗತಿಯಾದವು. ಕಣ್ಣು ಒಣಗಿದ ಮಕ್ಕಳು ಕೋಪನ್‌ಹೇಗನ್ನಿನ ಆಸ್ಪತ್ರೆಗೆ ಬರತೊಡಗಿದರು. ಡಾಕ್ಟರ್ ಬ್ಲಾಖ್ ಅವರು ಆ ಮಕ್ಕಳಿಗೆ ಕೆನೆಭರಿತ ಹಾಲನ್ನೂ ಕಾಡ್ ಮೀನಿನ ಯಕೃತ್ತಿನ ಎಣ್ಣೆಯನ್ನೂ ಕೊಡಿಸಿದರು, ಮಕ್ಕಳು ಚೇತರಿಸಿಕೊಂಡರು. 1917ರ ಕೊನೆಯಲ್ಲಿ ಜಲಾಂತರ್ಗಾಮಿಗಳ ಭಯದಿಂದ ರಫ್ತು ನಿಂತು, ಬೆಣ್ಣೆಯು ಪಡಿತರದ ಮೂಲಕ ಬಡವರ ಮನೆಗೂ ತಲುಪಿತು. ರೋಗವು ತಾನಾಗಿಯೇ ಇಳಿಮುಖವಾಯಿತು.

ಕಣಜವನ್ನು ತುಂಬಿಸುವ ಉಪಾಯ

ಭಾರತದಲ್ಲಿ ಪೋಷಣೆಯ ಸಂಶೋಧನೆಗೆ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರು ನಾಂದಿ ಹಾಡಿದರು. ಅವರ ಪುಟ್ಟ ಪ್ರಯೋಗಶಾಲೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿತು. ಆರು ತಿಂಗಳಿಗೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಡುವ ಕ್ರಮವು ರೂಪುಗೊಳ್ಳುವುದರಲ್ಲಿ ಈ ಸಂಸ್ಥೆಯ ಪಾತ್ರ ಹಿರಿದು.

ಈ ಕ್ರಮದ ಹಿಂದಿರುವ ತತ್ತ್ವ ಸರಳವಾದುದು. ‘ಸಿ’ ಜೀವಸತ್ವವು ನೀರಿನಲ್ಲಿ ಕರಗುವಂಥದು. ಹೆಚ್ಚಾದುದು ಮೂತ್ರದೊಡನೆ ಹೊರಟುಹೋಗುತ್ತದೆ. ‘ಎ’ ಹಾಗಲ್ಲ, ಅದು ಕೊಬ್ಬಿನಲ್ಲಿ ಕರಗುತ್ತದೆ, ಯಕೃತ್ತಿನಲ್ಲಿ ಸಂಗ್ರಹವಾಗುತ್ತದೆ. ಸುಗ್ಗಿಯಲ್ಲಿ ಕಣಜ ತುಂಬಿಸಿಟ್ಟ ರೈತನಂತೆ ದೇಹವು ತಿಂಗಳುಗಟ್ಟಲೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಬಳಸಿಕೊಳ್ಳುತ್ತದೆ.

ಈಗಿನ ಕ್ರಮದಂತೆ ಒಂಬತ್ತು ತಿಂಗಳು ತುಂಬಿದ ಮಗುವಿಗೆ ದಡಾರದ ಚುಚ್ಚುಮದ್ದಿನೊಡನೆ 1 ಮಿಲಿಲೀಟರ್, ಅಂದರೆ 1 ಲಕ್ಷ ಯೂನಿಟ್ ಕೊಡುತ್ತಾರೆ. ಅನಂತರ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ 2 ಮಿಲಿಲೀಟರ್. ಒಟ್ಟು ಒಂಬತ್ತು ಸಲ, 17 ಲಕ್ಷ ಯೂನಿಟ್. ಅಂಗನವಾಡಿಯಲ್ಲಿಯೂ ಆರೋಗ್ಯ ಕೇಂದ್ರದಲ್ಲಿಯೂ ಇದು ಉಚಿತ.

ಅತಿಯಾದರೆ ಅಮೃತವೂ ವಿಷ

ಕಣಜಕ್ಕೂ ಒಂದು ಮಿತಿಯುಂಟು. 1597ರಲ್ಲಿ ಉತ್ತರಧ್ರುವದ ಬಳಿಯ ನೊವಾಯಾ ಜೆಮ್ಲ್ಯಾ ದ್ವೀಪದಲ್ಲಿ ಸಿಕ್ಕಿಬಿದ್ದ ಡಚ್ ನಾವಿಕರು ಹಿಮಕರಡಿಯ ಯಕೃತ್ತನ್ನು ಬೇಯಿಸಿ ತಿಂದು ಹಾಸಿಗೆ ಹಿಡಿದರು. ಅವರಲ್ಲಿ ಮೂವರ ಮೈಚರ್ಮವೇ ಸುಲಿದುಬಂದಿತು. ಆ ಯಕೃತ್ತಿನಲ್ಲಿ ಅಪಾರವಾಗಿ ಅಡಗಿದ್ದ ‘ಎ’ ಜೀವಸತ್ವವೇ ಇದಕ್ಕೆ ಕಾರಣವೆಂಬುದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ.

ನಮ್ಮ ದೇಶದಲ್ಲಿಯೇ 2001ರ ನವೆಂಬರಿನಲ್ಲಿ ಅಸ್ಸಾಮಿನಲ್ಲಿ ನಡೆದ ವಿತರಣೆಯಲ್ಲಿ 2 ಮಿಲಿಲೀಟರಿನ ಚಮಚೆಗೆ ಬದಲಾಗಿ 5 ಮಿಲಿಲೀಟರ್ ಹಿಡಿಯುವ ಬಟ್ಟಲುಗಳನ್ನು ಬಳಸಲಾಗಿತ್ತು. ಅನೇಕ ಮಕ್ಕಳು ಅಸ್ವಸ್ಥರಾದರು. ಕೆಲವು ಸಾವುಗಳೂ ವರದಿಯಾದವು. ಸಾವಿಗೆ ಔಷಧಿಯೇ ಕಾರಣವೇ ಎಂಬುದರ ಬಗ್ಗೆ ವಾದವಿವಾದ ನಡೆಯಿತಾದರೂ ಅಳತೆಯ ಮಹತ್ತ್ವವನ್ನು ಆ ಘಟನೆ ದೇಶಕ್ಕೆಲ್ಲ ಸಾರಿತು. ಕೊರತೆಯಿಂದ ಕುರುಡಾಗುವ ಮಕ್ಕಳು ಈಗ ವಿರಳವಾಗಿರುವುದರಿಂದ ಎಲ್ಲ ಮಕ್ಕಳಿಗೂ ಈ ದೊಡ್ಡ ಪ್ರಮಾಣ ಬೇಕೇ ಎಂದು ಕೇಳುವ ಆಹಾರ ವಿಜ್ಞಾನಿಗಳೂ ಇದ್ದಾರೆ.

ಮನೆಯವರು ಮಾಡಬೇಕಾದುದು

ಮನೆಯ ಬೀರುವಿನಲ್ಲಿ ಇಂದು ಮೀನೆಣ್ಣೆ, ಬಲವರ್ಧಕ ದ್ರವ, ‘ಡಿ’ ಜೀವಸತ್ವದ ಹನಿ ಹೀಗೆ ಹಲವು ಸೀಸೆಗಳು ಕೂಡಿರುತ್ತವೆ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಸೀಸೆಗಳಲ್ಲಿ ‘ಎ’ ಇರಬಹುದು. ಆದುದರಿಂದ ಚೀಟಿಯನ್ನು ಓದದೆ ಎರಡನ್ನು ಒಟ್ಟಿಗೆ ಕೊಡಬಾರದು. ಆರೋಗ್ಯ ಕೇಂದ್ರದಲ್ಲಿ ಕೊಡಿಸಿದ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿಟ್ಟರೆ, ಮರೆವಿನಿಂದ ಮತ್ತೊಮ್ಮೆ ಕೊಡಿಸುವ ಪ್ರಮಾದ ತಪ್ಪುತ್ತದೆ. ಎಳೆಗೂಸಿಗೆ ದಿನಕ್ಕೆ 400 ಯೂನಿಟ್ ‘ಡಿ’ ಕೊಡಲು ವೈದ್ಯರು ಹೇಳುವುದುಂಟು. ಕೆಲವು ಸೀಸೆಗಳ 1 ಮಿಲಿಲೀಟರಿನಲ್ಲಿ 400 ಯೂನಿಟ್ ಇದ್ದರೆ, ಕೆಲವುಗಳಲ್ಲಿ 800 ಇರುತ್ತದೆ. ಸೀಸೆ ಬದಲಾದಾಗ ಅಳತೆಯೂ ಬದಲಾಗಬೇಕು. ಅಡಿಗೆಮನೆಯ ಚಮಚೆ ಬೇಡ. ಸೀಸೆಯೊಡನೆ ಬಂದ ಗೆರೆಯುಳ್ಳ ಅಳತೆಯೇ ಇರಲಿ. ಗರ್ಭಿಣಿಯರಂತೂ ವೈದ್ಯರನ್ನು ಕೇಳದೆ ‘ಎ’ ಜೀವಸತ್ವದ ಔಷಧಿಯನ್ನು ಮುಟ್ಟಬಾರದು. ಅತಿಯಾದ ‘ಎ’ ಗರ್ಭದ ಶಿಶುವಿಗೆ ಕೆಡುಕು.

ಇನ್ನು ದಿನನಿತ್ಯದ ಪೂರೈಕೆಗೆ ಅಡಿಗೆಮನೆಯೇ ಸಾಕು. ನುಗ್ಗೆಸೊಪ್ಪು, ಹರಿವೆ, ಗಜ್ಜರಿ, ಪರಂಗಿಹಣ್ಣು, ಮಾವಿನಹಣ್ಣು ಇವುಗಳಲ್ಲಿರುವ ಬಣ್ಣದ ಅಂಶವನ್ನು ದೇಹವು ತಾನೇ ‘ಎ’ ಆಗಿ ಮಾರ್ಪಡಿಸಿಕೊಳ್ಳುತ್ತದೆ, ಅದೂ ಬೇಕಾದಷ್ಟನ್ನು ಮಾತ್ರ. ಹಾಗಾಗಿ ಸೊಪ್ಪು ಹಣ್ಣುಗಳನ್ನು ತಿಂದು ‘ಎ’ ಮಿತಿಮೀರುವ ಭಯವಿಲ್ಲ. ಆ ಅಂಶವು ಮೈಗೆ ಹತ್ತಲು ಸ್ವಲ್ಪ ಕೊಬ್ಬು ಬೇಕು. ಸೊಪ್ಪಿನ ಪಲ್ಯಕ್ಕೆ ಎಣ್ಣೆಯ ಒಗ್ಗರಣೆ ಹಾಕುವ ನಮ್ಮ ಪದ್ಧತಿ ಇದಕ್ಕೆ ಒದಗಿಬರುತ್ತದೆ. ಆದರೆ ಮಗುವು ಮುಸ್ಸಂಜೆಯಲ್ಲಿ ತಡವರಿಸುವುದು ಕಂಡುಬಂದರೆ ಸೊಪ್ಪನ್ನು ನೆಚ್ಚಿ ಕೂಡಬಾರದು. ಆಗ ಬೇಕಾದುದು ವೈದ್ಯರು ತಮ್ಮ ಕೈಯಾರೆ ಅಳೆದು ಕೊಡುವ ಔಷಧಿ. ಅದನ್ನು ಮರುದಿನಕ್ಕೆಂದು ಮುಂದೂಡಬಾರದು.