ಪೆಡಲ್ ಯಾಕೆ ಕೆಳಗಿಳಿಯಿತು?

ಹೋದ ಬೇಸಿಗೆಯಲ್ಲಿ ಮೂರು ತಿಂಗಳು ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಥೇಮ್ಸ್ ನದಿಯ ದಂಡೆಯ ಸಣ್ಣ ಊರು. ಪಕ್ಕದ ಮನೆಯಲ್ಲಿ ನನ್ನದೇ ವಯಸ್ಸಿನ ಒಬ್ಬ ಅಜ್ಜ. ಅವರ ಶೆಡ್ಡಿನಲ್ಲಿ ಕಡು ಹಸಿರು ಬಣ್ಣದ, ಎರಡೇ ಸೀಟಿನ, ಮೇಲಿನ ಟಾಪು ಮಡಚುವ ಕಾರು: 1969ರ ಎಂಜಿಬಿ.

ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಆ ಹೆಸರಿನ ಕಾರುಗಳನ್ನು ಈಗ ನಮ್ಮ ರಸ್ತೆಗಳಲ್ಲೂ ನೋಡುತ್ತೀರಿ. ಹೆಸರು ಮಾತ್ರ ಚೀನಾದ ಕಂಪನಿಯೊಂದರ ಕೈಗೆ ಹೋಗಿದೆ. ಹಳೆಯ ಎಂಜಿಬಿ ಹುಟ್ಟಿದ್ದು ಇದೇ ಅಬಿಂಗ್ಡನ್‌ನಲ್ಲಿ. 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಕಾರುಗಳು ಇಲ್ಲಿಂದ ಹೊರಬಿದ್ದವು. ಆಮೇಲೆ ಕಾರ್ಖಾನೆ ಮುಚ್ಚಿತು.

ಭಾನುವಾರ ನನ್ನ ಮೊಮ್ಮಗನನ್ನು ಅದರಲ್ಲಿ ಸುತ್ತಾಡಿಸುವುದೆಂದು ಮಾತಾಗಿತ್ತು. ಹನ್ನೊಂದು ವರ್ಷದ ಹುಡುಗ, ವಾರವಿಡೀ ಅದೇ ಜಪ. ಶುಕ್ರವಾರ ಸಂಜೆ ಅಜ್ಜ ಶೆಡ್ಡಿನಲ್ಲೇ ಕುಳಿತು ಬ್ರೇಕ್ ಪೆಡಲ್ ಒತ್ತಿ ಹಿಡಿದರು. ಮೊದಲು ಗಟ್ಟಿಯಾಗಿ ನಿಂತಿತು. ಆಮೇಲೆ, ಯಾರೋ ಕೆಳಗಿನಿಂದ ಎಳೆದ ಹಾಗೆ, ಮೆಲ್ಲಗೆ ನೆಲದವರೆಗೂ ಇಳಿಯಿತು. ಬೇಗಬೇಗ ಎರಡು ಸಲ ಒತ್ತಿದರೆ ಮತ್ತೆ ಗಟ್ಟಿ. ಹಿಡಿದರೆ ಮತ್ತೆ ಇಳಿತ.

"ಭಾನುವಾರ ಆಗಲ್ಲ," ಎಂದರು ಅಜ್ಜ. ಹುಡುಗನ ಮುಖ ಬಾಡಿತು. "ಎರಡು ಸಲ ಒತ್ತಿದರೆ ಹಿಡಿಯುತ್ತಲ್ಲ ತಾತ?" ಎಂದು ನನ್ನನ್ನು ಕೇಳಿದ. ಎದುರಿಗೆ ನಾಯಿ ಅಡ್ಡ ಬಂದಾಗ ಎರಡನೇ ಸಲ ಒತ್ತಲು ಹೊತ್ತೆಲ್ಲಿರುತ್ತದೆ?

ನಾವು ಬ್ರೇಕ್ ಒತ್ತಿದಾಗ ಆಗುವುದು ಇಷ್ಟು. ಪೆಡಲಿಗೆ ಸೇರಿದ ಕಡ್ಡಿಯೊಂದು ಮಾಸ್ಟರ್ ಸಿಲಿಂಡರ್ ಎಂಬ ಲೋಹದ ಕೊಳವೆಯೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಮುಂದಿರುವ ದ್ರವ ಸಣ್ಣ ಪೈಪುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒತ್ತಡವನ್ನು ಮುಟ್ಟಿಸುತ್ತದೆ. ಮುಚ್ಚಿಟ್ಟ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಹೇಳಿದವನು 17ನೇ ಶತಮಾನದ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್. ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಸಿಗುತ್ತಾನೆ. ಕಾರಿನವರು ಅದನ್ನು ಬಳಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಮೊದಮೊದಲು ಸರಳು, ತಂತಿಗಳಿಂದಲೇ ಬ್ರೇಕ್ ಎಳೆಯುತ್ತಿದ್ದರು.

ಸೂಜಿ ಇಲ್ಲದ ಎರಡು ಹೊಸ ಸಿರಿಂಜು, ಒಂದು ಚಿಕ್ಕದು, ಒಂದು ದೊಡ್ಡದು, ನಡುವೆ ತೆಳು ಪ್ಲಾಸ್ಟಿಕ್ ಕೊಳವೆ, ಒಳಗೆ ನೀರು: ಇಷ್ಟಿದ್ದರೆ ಮನೆಯಲ್ಲೇ ನೋಡಬಹುದು. ಚಿಕ್ಕದನ್ನು ಒತ್ತಿದರೆ ದೊಡ್ಡದು ಕಡಿಮೆ ದೂರ ಚಲಿಸುತ್ತದೆ, ಆದರೆ ಬಲವಾಗಿ ತಳ್ಳುತ್ತದೆ. ಈಗ ಬೇಕೆಂದೇ ಸ್ವಲ್ಪ ಗಾಳಿ ಸೇರಿಸಿ. ಒತ್ತಿದ್ದು ಸ್ಪಂಜು ಹಿಂಡಿದ ಹಾಗಾಗುತ್ತದೆ. ನೀರು ಕುಗ್ಗುವುದಿಲ್ಲವೆಂದೇ ಹೇಳಬೇಕು, ಗಾಳಿ ಸುಲಭವಾಗಿ ಕುಗ್ಗುತ್ತದೆ.

ಅಜ್ಜ ಚಕ್ರಗಳ ಒಳಭಾಗ ನೋಡಿದರು, ಪೈಪು ಸವರಿದರು, ಪೆಡಲಿನ ಕೆಳಗಿನ ಕಂಬಳಿ ಮುಟ್ಟಿದರು. ಎಲ್ಲವೂ ಒಣ. ಡಬ್ಬಿಯಲ್ಲಿ ದ್ರವದ ಮಟ್ಟವೂ ಇಳಿದಿಲ್ಲ. ಹಾಗಾದರೆ ದ್ರವ ಹೋದದ್ದೆಲ್ಲಿಗೆ? ಎಲ್ಲಿಗೂ ಇಲ್ಲ. ಪಿಸ್ಟನ್ ಮುಂದಿನ ರಬ್ಬರ್ ಕಪ್ ಸವೆದಿತ್ತು. ಒತ್ತಿದ ದ್ರವ ಅದರ ಅಂಚಿನಲ್ಲಿ ನುಸುಳಿ ತನ್ನ ಡಬ್ಬಿಗೇ ವಾಪಸ್ಸು ಸೇರುತ್ತಿತ್ತು. ಈ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ದಾರಿ. ಈಗಿನ ಕಾರುಗಳ ಹಾಗೆ ಎರಡು ಬೇರೆ ಬೇರೆ ಭಾಗಗಳಿಲ್ಲ. ಈ ರಬ್ಬರ್ ಕೈಕೊಟ್ಟರೆ ಉಳಿಯುವುದು ಕೇಬಲ್ಲಿನಿಂದ ಹಿಂದಿನ ಚಕ್ರ ಹಿಡಿಯುವ ಹ್ಯಾಂಡ್‌ಬ್ರೇಕ್ ಒಂದೇ.

ಹೊಸ ಸಿಲಿಂಡರ್ ಬರಲು ಹತ್ತು ದಿನ ಬೇಕಾಯಿತು.

ಬಿಚ್ಚುವ ಕೆಲಸ ದೊಡ್ಡದಲ್ಲ, ಇಕ್ಕಟ್ಟಿನದು. ಬಾನೆಟ್ ಎತ್ತಿ, ಪೆಡಲ್ ಪೆಟ್ಟಿಗೆಯ ಮುಚ್ಚಳದ ಸ್ಕ್ರೂ ತೆಗೆದರೆ ಬ್ರೇಕಿನದೂ ಕ್ಲಚ್ಚಿನದೂ ಸಿಲಿಂಡರ್‌ಗಳು ಅಣ್ಣತಮ್ಮಂದಿರ ಹಾಗೆ ಅಕ್ಕಪಕ್ಕ. ಪೈಪಿನ ನಟ್ಟಿಗೆ ಸಾಧಾರಣ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಕೆಲಸ ಕೆಡುತ್ತದೆ. ಅದನ್ನು ಸುತ್ತಲೂ ಹಿಡಿಯುವ ಬೇರೆ ಸ್ಪ್ಯಾನರ್ ಇದೆ, ಅದೂ ಇಂಚಿನ ಅಳತೆಯದು. ಪೈಪು ಬಿಚ್ಚಿ, ಪೆಡಲಿನ ಪಿನ್ ಎಳೆದು, ಎರಡು ಬೋಲ್ಟ್ ತೆಗೆದಾಗ ಹಳೆಯದು ಕೈಗೆ ಬಂತು. ಕೆಳಗೆ ಅಜ್ಜ ದಪ್ಪ ಬಟ್ಟೆ ಹಾಸಿದ್ದರು. ನಮ್ಮ ಮೆಕ್ಯಾನಿಕ್‌ಗಳು ಬ್ರೇಕ್ ಆಯಿಲ್ ಎನ್ನುವ ಈ ದ್ರವ ಆಯಿಲ್ಲೇ ಅಲ್ಲ. ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ಕಿತ್ತು ತರುತ್ತದೆ. ತಕ್ಷಣ ನೀರು ಸುರಿಯಬೇಕು. ಗಾಳಿಯಲ್ಲಿರುವ ತೇವವನ್ನೂ ಹೀರುತ್ತದೆ. ತೇವ ಸೇರಿದರೆ ಬೇಗ ಕುದಿಯುತ್ತದೆ, ಕುದಿದರೆ ಆವಿ, ಆವಿಯೂ ಗಾಳಿಯ ಹಾಗೆ ಕುಗ್ಗುತ್ತದೆ. ಅದಕ್ಕೇ ಅಜ್ಜ ಸೀಲು ಒಡೆಯದ ಹೊಸ ಡಬ್ಬಿಯನ್ನೇ ತರಿಸಿದ್ದರು.

ಹೊಸದನ್ನು ಕೂರಿಸಿದ ಮೇಲೆ ಪೆಡಲಿನಲ್ಲಿ ಒಂದಿಷ್ಟು ಸಡಿಲ ಬಿಟ್ಟರು. ಬಿಗಿಯಾದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಕಾಲು ತೆಗೆದರೂ ಬ್ರೇಕ್ ಹಿಡಿದೇ ಇರುತ್ತದೆ.

ಇನ್ನು ಗಾಳಿ ತೆಗೆಯುವುದು. ಕಾರನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿ, ಅಲುಗಾಡಿಸಿ ನೋಡಿ, ಹುಡುಗನನ್ನು ಬೆನ್ನಿಗೆ ದಿಂಬು ಕೊಟ್ಟು ಸೀಟಿನಲ್ಲಿ ಕೂರಿಸಿದರು. ಅಜ್ಜ ಚಕ್ರದ ಬಳಿ. ಡಬ್ಬಿ ಖಾಲಿಯಾಗದಂತೆ ದ್ರವ ಹೊಯ್ಯುವ ಕೆಲಸ ನನ್ನದು. ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭ. "ಒತ್ತು" ಎಂದರೆ ಒತ್ತಿ ಹಿಡಿಯಬೇಕು. ಅಜ್ಜ ನಿಪ್ಪಲ್ ಸಡಿಲಿಸಿದಾಗ ಗುಳ್ಳೆಗಳ ಜೊತೆ ದ್ರವ ಸೀಸೆಗೆ ಬೀಳುತ್ತದೆ. ಅವರು ಬಿಗಿ ಮಾಡಿ "ಬಿಡು" ಎಂದ ಮೇಲೆಯೇ ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ.

ಮೂರು ಚಕ್ರ ಮುಗಿದವು. ನಾಲ್ಕನೆಯದರ ಕೊನೆಯಲ್ಲಿ ಗುಳ್ಳೆ ನಿಂತಿತ್ತು, ಅಜ್ಜ ಕೈ ಒರೆಸಿಕೊಳ್ಳುತ್ತಿದ್ದರು. ಆಗ ಹುಡುಗ ಮೆತ್ತಗೆ ಹೇಳಿದ: "ಕೊನೇ ಸಲ ನಾನು ಮೊದಲೇ ಬಿಟ್ಟುಬಿಟ್ಟೆ ಅನ್ಸುತ್ತೆ. ಕಾಲು ನೋಯ್ತಿತ್ತು."

ಅಜ್ಜ ಒಂದು ಕ್ಷಣ ಅವನನ್ನೇ ನೋಡಿದರು. ಏನೂ ಅನ್ನದೆ ಮತ್ತೆ ಚಕ್ರದ ಬಳಿ ಮಂಡಿಯೂರಿದರು. ಎರಡನೇ ಒತ್ತಿಗೆ ನಾಲ್ಕೈದು ಗುಳ್ಳೆ ಬಂದವು. ನನಗೂ ಕಂಡವು.

ಮರುದಿನ ಪೆಡಲ್ ಐದು ನಿಮಿಷ ಒತ್ತಿ ಹಿಡಿದರೂ ಕೂದಲೆಳೆಯಷ್ಟೂ ಇಳಿಯಲಿಲ್ಲ. ಅಜ್ಜ ಮೊದಲು ಒಬ್ಬರೇ ಗಲ್ಲಿಯಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ ನೋಡಿದರು. ಆಮೇಲೆ ಹುಡುಗನಿಗೆ ಬೆಲ್ಟ್ ಹಾಕಿ ಥೇಮ್ಸ್ ಸೇತುವೆಯ ಕಡೆಗೆ ಹೊರಟರು. ಸೀಟು ಎರಡೇ ಇದ್ದದ್ದರಿಂದ ನಾನು ಗೇಟಿನ ಬಳಿಯೇ ನಿಂತಿದ್ದೆ.