ಎರಡಡಿಯ ಲೆಕ್ಕ

ಹೈದರಾಬಾದಿನ ಮಾಧಾಪುರದಲ್ಲಿ ಸೈಬರ್ ಟವರ್ಸ್ ತೆರೆದದ್ದು 1998ರಲ್ಲಿ. ಅಲ್ಲಿಂದ ಗಚ್ಚಿಬೌಲಿ, ನಾನಕ್‌ರಾಮ್‌ಗುಡದವರೆಗೆ ಗಾಜಿನ ಕಟ್ಟಡಗಳು ಹಬ್ಬಿವೆ. ಬಾಡಿಗೆಗೆ ಬಂದ ಕಂಪನಿ ಬದಲಾದರೆ ಒಳಗಿನ ಕೋಣೆಗಳೂ ಬದಲಾಗಬೇಕು. ಹಾಗಾಗಿ ಒಳಗೆಲ್ಲ ತಗಡಿನ ಚೌಕಟ್ಟು, ಜಿಪ್ಸಮ್ ಬೋರ್ಡು.

ಅಂಥದೊಂದು ಖಾಲಿ ಮಹಡಿ. ಕಾಲಿಟ್ಟಲ್ಲೆಲ್ಲ ಬಿಳಿ ಪುಡಿ. ಡ್ರಿಲ್ಲಿನ ಸದ್ದು ನಿಂತಾಗ ಕಿವಿಗೆ ಬೀಳುವುದು ದಖ್ಖನಿ, ತೆಲುಗು, ನಡುವೆ ಯಾದಗಿರಿ ಕಡೆಯ ಕನ್ನಡ. ಮೇಸ್ತ್ರಿ ಇನ್ನೂ ಬೋರ್ಡು ಮುಟ್ಟಿಲ್ಲ. ಬಣ್ಣ ಸವರಿದ ದಾರವನ್ನು ಬಿಗಿದು, ಎತ್ತಿ, ಫಟ್ಟನೆ ನೆಲಕ್ಕೆ ಹೊಡೆಯುತ್ತಿದ್ದಾರೆ. ಗೋಡೆ, ಬಾಗಿಲು, ಒಂದೊಂದು ಸ್ಟಡ್ಡಿನ (ತಗಡಿನ ನಿಲುಗಂಬದ) ಜಾಗ, ಎಲ್ಲವೂ ಮೊದಲು ನೆಲದ ಮೇಲೆ ಮೂಡುತ್ತವೆ. ಉಳಿತಾಯವೆಲ್ಲ ಈ ಗೆರೆಗಳಲ್ಲೇ ಇದೆ.

"ತಮ್ಮಾ, ಟೇಪು ಜಗ್ಗಿ ಹಿಡಿ. ಎರಡಡಿ ಅಂದ್ರ ಎರಡಡೀನ."

"ಹಿಡದೀನಿ ಅಣ್ಣಾ."

ಬೋರ್ಡಿನ ಅಗಲ 4 ಅಡಿ. ಎರಡಡಿಗೊಂದು ಸ್ಟಡ್ ನಿಲ್ಲಿಸಿದರೆ ಬೋರ್ಡಿನ ಎರಡೂ ಅಂಚುಗಳು ಸ್ಟಡ್ಡಿನ ನಡುಮಧ್ಯೆ ಬಂದು ಕೂರುತ್ತವೆ. 24 ಅಡಿ ಗೋಡೆಗೆ 13 ಸ್ಟಡ್ ಸಾಕು. 16 ಅಂಗುಲಕ್ಕೊಂದು ನಿಲ್ಲಿಸಿದರೆ 19 ಬೇಕು. ಆರು ಸ್ಟಡ್ಡಿನ ಜೊತೆಗೆ ಎರಡೂ ಬದಿಯ ಸ್ಕ್ರೂಗಳು ಉಳಿದವು, ಅವನ್ನು ಹೊಡೆಯುವ ತೋಳಿನ ನೋವೂ ತಪ್ಪಿತು. ಎತ್ತರ ಹತ್ತಡಿಯ ಹತ್ತಿರ ಇದ್ದರೆ 10 ಅಡಿಯ ಬೋರ್ಡನ್ನೇ ತರಿಸಬೇಕು. ಆಗ ಅಡ್ಡ ಸಂದು ಬರುವುದಿಲ್ಲ; ಸಂದಿಗೆ ಪಟ್ಟಿ ಅಂಟಿಸಿ, ಮೆತ್ತಿ, ಒಣಗಲು ಕಾದು ಉಜ್ಜುವ ದುಡಿಮೆಯೂ ಇಲ್ಲ.

ಆದರೆ ಬಾಗಿಲಿನ ಮೇಲೆ ಜಿಪುಣತನ ಕೂಡದು. ಮಿಕ್ಕ ತುಂಡುಗಳನ್ನು ಅಲ್ಲಿ ಜೋಡಿಸಿ ಚೌಕಟ್ಟಿನ ಮೂಲೆಗೇ ಸಂದು ತಂದರೆ, ಬಾಗಿಲು ಬಡಿದು ಬಡಿದು ಬಿರುಕು ಬಿಡುತ್ತದೆ. ಇಡೀ ಬೋರ್ಡಿನಲ್ಲೇ ಬಾಗಿಲಿನ ಮೂಲೆಯನ್ನು ಕತ್ತರಿಸಿ ತೆಗೆಯಬೇಕು. ತುಂಡು ವ್ಯರ್ಥವಾದರೂ ಗೋಡೆ ಉಳಿಯುತ್ತದೆ.

ಈ ಕೆಲಸಗಾರರಿಗೆ ಕೂಲಿ ಬಹುತೇಕ ಚದರಡಿ ಲೆಕ್ಕದಲ್ಲಿ. ವೈರಿಂಗ್ ಮುಗಿಯುವ ಮೊದಲೇ ಮುಚ್ಚಿಸಿ ಮತ್ತೆ ಬಿಚ್ಚಿಸಿದರೆ, ಬಾಗಿಲನ್ನು ನಾಲ್ಕು ಅಂಗುಲ ಸರಿಸಿ ಎಂದರೆ, ಆ ಹೊತ್ತು ಇವರ ಹೊಟ್ಟೆಯಿಂದಲೇ ಹೋಗುತ್ತದೆ. ನಕ್ಷೆ ಬರೆಯುವವರು ಪೆನ್ಸಿಲ್ ಹಿಡಿಯುವ ಮೊದಲು ಮೇಸ್ತ್ರಿಯ ಜೊತೆ ಕೂತು ಮಾತಾಡಬೇಕು.

ಗೋಡೆಯ ಮುಂಬದಿಗೆ ಬೋರ್ಡು ಕೂತಾಯಿತು. ಈಗ ಹಿಂಬದಿಯ ಸರದಿ. ಎರಡೂ ಬದಿಯ ಸಂದು ಒಂದೇ ಸ್ಟಡ್ಡಿನ ಮೇಲೆ ಬರಬಾರದು. ಇಲ್ಲಿ ಅರ್ಧ ಬೋರ್ಡಿನಿಂದಲೇ ಶುರು. ಹುಡುಗ ಬೋರ್ಡಿನ ಮೇಲಿನ ಕಾಗದವನ್ನು ಚಾಕುವಿನಿಂದ ಗೀರಿ, ಮೊಣಕಾಲಿಗೆ ಆನಿಸಿ ಒತ್ತಿದ. ಲಟಕ್ಕೆಂದಿತು. ಹಿಂದಿನ ಕಾಗದ ಕೊಯ್ದ.

"ಉಳಿದ ಅರ್ಧ ಏನ್ ಮಾಡ್ಲಿ ಅಣ್ಣಾ?"

"ಆ ಕಡೀ ತುದೀಗಿ ಒಯ್ದು ನಿಲ್ಸು. ಗ್ವಾಡಿ ಅಲ್ಲೇ ಮುಗೀತದ."