ಮಾಸಿನ ತೂಕವೂ ಮಗುವಿನ ಆರೋಗ್ಯವೂ

ಗೋಕಾಕ ತಾಲ್ಲೂಕಿನ ಅಂಕಲಗಿಯಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಈಚೆಗೆ ಹೋಗಿದ್ದೆವು. ಹುಟ್ಟಿದಾಗ ಕೂಸಿನ ತೂಕ ಎರಡು ಕಿಲೋ ಚಿಲ್ಲರೆ. ಮನೆಯ ಹಿರಿಯಮ್ಮ ನಮ್ಮನ್ನು ಬದಿಗೆ ಕರೆದು, "ಕೂಸು ಸಣ್ಣದೈತಿ ತಮ್ಮಾ, ಮಾಸು ಮಾತ್ರ ದೊಡ್ಡದಿತ್ತಂತ. ಇದು ಚಲೋದೋ, ಕೆಟ್ಟದ್ದೋ?" ಎಂದು ಕೇಳಿದರು. ಆಕಳು ಕರು ಹಾಕಿದರೆ ಮಾಸು ಬೀಳುವವರೆಗೆ ನಿದ್ದೆಗೆಟ್ಟು ಕಾಯುವ ನಮಗೆ, ಮನುಷ್ಯರ ಮಾಸಿನ ವಿಚಾರದಲ್ಲಿ ಉತ್ತರ ಹೊಳೆಯಲಿಲ್ಲ. ಊರಿಗೆ ಮರಳಿದ ಮೇಲೆ ಓದಿ ತಿಳಿದದ್ದನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಗರ್ಭದಲ್ಲಿರುವ ಮಗುವಿಗೆ ಮಾಸೇ ಬೇರು. ತಾಯಿಯ ರಕ್ತದಿಂದ ಆಹಾರವನ್ನೂ ಆಮ್ಲಜನಕವನ್ನೂ ಹೀರಿ ಕೊಡುವುದು ಅದೇ. ದಿನ ತುಂಬಿದ ಹೆರಿಗೆಯಲ್ಲಿ ಅದರ ತೂಕ ಸುಮಾರು 500 ಗ್ರಾಂ, ಅಂದರೆ ಮಗುವಿನ ತೂಕದ ಆರನೆಯ ಒಂದು ಪಾಲು. ತಾಯಿಗೆ ರಕ್ತದೊತ್ತಡ ಏರಿದರೆ ಮಾಸಿಗೆ ರಕ್ತ ಸಾಲದೆ ಅದೂ ಸಣ್ಣದಾಗಬಹುದು, ಮಗುವೂ ಬಡವಾಗಬಹುದು. ರಕ್ತಹೀನ ತಾಯಂದಿರಲ್ಲಿ ಮಗುವಿನ ತೂಕಕ್ಕೆ ಹೋಲಿಸಿದರೆ ಮಾಸು ದೊಡ್ಡದಿರುವುದನ್ನು 1991ರಲ್ಲಿ ಆಕ್ಸ್‌ಫರ್ಡಿನ ಅಧ್ಯಯನವೊಂದು ತೋರಿಸಿತು. ಸಾರ ಕಡಿಮೆಯಾದ ಮಣ್ಣಿನಲ್ಲಿ ಗಿಡ ಬೇರು ಹರಡಿದಂತೆ ಎನ್ನಬಹುದು.

ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದಲ್ಲಿ 1935ರಿಂದ 1943ರವರೆಗೆ ಜನಿಸಿದ 449 ಮಂದಿಯನ್ನು ಡಾ. ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು ಐವತ್ತರ ಆಸುಪಾಸಿನ ವಯಸ್ಸಿನಲ್ಲಿ ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದರು. ಸಣ್ಣ ಮಗು, ದೊಡ್ಡ ಮಾಸು ಆಗಿದ್ದವರಲ್ಲೇ ರಕ್ತದೊತ್ತಡ ಅತಿ ಹೆಚ್ಚಾಗಿತ್ತು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಮಿಷನ್ ಆಸ್ಪತ್ರೆ, 1934ರಿಂದ ಕೂಸುಗಳ ತೂಕವನ್ನು ಬರೆದಿಟ್ಟಿತ್ತು. ಅಲ್ಲಿ 1954ರವರೆಗೆ ಜನಿಸಿದ 517 ಮಂದಿಯ ಅಧ್ಯಯನ 1996ರಲ್ಲಿ ಹೊರಬಂತು. ಎರಡೂವರೆ ಕಿಲೋ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯರೋಗವಿತ್ತು. ತೂಕವಾಗಿ ಹುಟ್ಟಿದವರಲ್ಲಿ 3 ಮಂದಿಗೆ ಮಾತ್ರ. ಇದು ಹಣೆಬರಹವಲ್ಲ, ಎಚ್ಚರಿಕೆ. ಸಣ್ಣದಾಗಿ ಹುಟ್ಟಿದವರು ದೊಡ್ಡವರಾದ ಮೇಲೆ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳುತ್ತಿರಬೇಕು, ಅಷ್ಟೆ.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಭಾಗವಹಿಸಿದ, ಆರು ದೇಶಗಳ ಸುಮಾರು 12,000 ಚೊಚ್ಚಲ ಗರ್ಭಿಣಿಯರ ಪ್ರಯೋಗದ ಫಲ 2020ರಲ್ಲಿ ಪ್ರಕಟವಾಯಿತು. ಮೊದಲ ತಿಂಗಳುಗಳಲ್ಲೇ ಆರಂಭಿಸಿದ ಸಣ್ಣ ಪ್ರಮಾಣದ ಆಸ್ಪಿರಿನ್, ದಿನ ತುಂಬದ ಹೆರಿಗೆಯನ್ನು ನೂರಕ್ಕೆ 13.1ರಿಂದ 11.6ಕ್ಕೆ ಇಳಿಸಿತು. ಆದರೆ ವೈದ್ಯರು ಹೇಳದೆ ಯಾರೂ ಅಂಗಡಿಯಿಂದ ತಂದು ನುಂಗಬಾರದು.

ನಮ್ಮ ತೋಟಗಳಲ್ಲಿ ಕಾಫಿ ಕೊಯ್ಯುವ, ಅಡಿಕೆ ಸುಲಿಯುವ ಕೈಗಳಲ್ಲಿ ಬಸುರಿಯರ ಕೈಗಳೂ ಇವೆ. ಅವರಿಗೆ ತಾಯಿ ಕಾರ್ಡ್ ಮಾಡಿಸಿ, ತಪಾಸಣೆಯ ದಿನ ಕೂಲಿ ಹಿಡಿಯದೆ ಕಳುಹಿಸೋಣ. ಭಾರ ಹೊರಿಸದಿರೋಣ, ಕಬ್ಬಿಣಾಂಶದ ಮಾತ್ರೆ ನುಂಗಿದರೇ ಎಂದು ವಿಚಾರಿಸೋಣ. ಕೂಸು ಎರಡೂವರೆ ಕಿಲೋಗೆ ಕಡಿಮೆಯಿದ್ದರೆ ತಾಯಿಯ ಎದೆಗವಚಿ ಬೆಚ್ಚಗಿಡಬೇಕು, ತಾಯಿಹಾಲನ್ನಷ್ಟೇ ಕೊಡಬೇಕು; ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಅಂಕಲಗಿಯ ಹಿರಿಯಮ್ಮನಿಗೆ ನಾವು ಹೇಳಿಕಳುಹಿಸಿದ್ದೂ ಇಷ್ಟೇ: ಮಾಸಿನ ಕೆಲಸ ಮುಗಿಯಿತು, ಇನ್ನು ಆ ಕೆಲಸ ಮನೆಯವರದು.